ಭಾಲ್ಕಿಯ ಬೈಕಿಗೆ ಯಾವ ಜಿಪಿಎಸ್? ಪೆಟ್ಟಿಗೆ ಕೊಳ್ಳುವ ಮುನ್ನ ನಕ್ಷೆ ಕೇಳಿ

ಕಳೆದ ಮಳೆಗಾಲದಲ್ಲಿ ಭಾಲ್ಕಿಯಿಂದ ಕಾಕಾನ ಮಗನ ಫೋನು ಬಂತು. "ಅಣ್ಣಾ, ಗಾಡಿಗಿ ಒಂದು ಜಿಪಿಎಸ್ ಕೂಡಿಸಬೇಕಂತ ಮಾಡೀನಿ. ಯಾವ್ದು ಛಲೋ ಅದ? ನೀ ಎಂಜಿನಿಯರಿಂಗ್ ಓದೀದಿ, ನೀನೇ ಹೇಳು."

ಅವನದು ಪಾರ್ಸೆಲ್ ಹಂಚುವ ಕೆಲಸ. ಬೆಳಗ್ಗೆ ಭಾಲ್ಕಿಯಲ್ಲಿ ಚೀಲ ತುಂಬಿಕೊಂಡು ಹೊರಟರೆ ಸಂಜೆಯವರೆಗೆ ಹಳ್ಳಿ ಹಳ್ಳಿ ಸುತ್ತಬೇಕು. ಈಗ್ಯಾಕೆ ಜಿಪಿಎಸ್ ನೆನಪಾಯ್ತು ಅಂತ ಕೇಳಿದೆ. ಹಿಂದಿನ ವಾರದ ಕಥೆ ಹೇಳಿದ. ಕತ್ತಲಾಗುವ ಹೊತ್ತು, ಜಿಟಿಜಿಟಿ ಮಳೆ, ಗೊತ್ತಿಲ್ಲದ ಊರು. ಮೊಬೈಲಿನ ನೀಲಿ ಗೆರೆ ಹಿಡಿದು ಹೋಗಿದ್ದಾನೆ. ಗೆರೆ ಸೀದಾ ಮಾಂಜ್ರಾ ನದಿಯ ಕಡೆ ಇಳಿದಿದೆ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಮುದುಕರೊಬ್ಬರು ಕೈ ಅಡ್ಡ ಹಿಡಿದು ನಿಲ್ಲಿಸಿದರಂತೆ. "ಎಲ್ಲಿಗಿ ಹೊಂಟೀ ತಮ್ಮಾ? ಪೂಲ್ ಮ್ಯಾಲಿಂದ ನೀರ್ ಹೊಂಟದ, ಕಾಣ್ಸಲ್ಲೇನು?"

ಅವನಿಗೆ ಕಂಡಿರಲಿಲ್ಲ. ಅವನ ಮೊಬೈಲಿಗೂ ಕಂಡಿರಲಿಲ್ಲ. ಮೊಬೈಲಿನ ಪ್ರಕಾರ ಇನ್ನು ನಾಲ್ಕು ನಿಮಿಷದ ದಾರಿ.

"ಅದಕ್ಕೇ ಅಣ್ಣಾ, ಒಂದು ಒರಿಜಿನಲ್ ಜಿಪಿಎಸ್ ತಗೊಂಡ್ರ ಹಿಂಗ ಆಗಲ್ಲ ಅಲ್ಲಾ?"

ಆಗುತ್ತೆ. ಐವತ್ತು ಸಾವಿರದ ಯಂತ್ರ ಹಾಕಿಸಿಕೊಂಡಿದ್ದರೂ ಅವತ್ತು ಅದೇ ಸೇತುವೆಗೇ ಹೋಗುತ್ತಿದ್ದ. ಯಾಕೆ ಅನ್ನೋದನ್ನು ಅವನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದೆ. ಇಲ್ಲಿ ಪೂರ್ತಿ ಹೇಳ್ತೀನಿ. ಬೈಕಿಗೆ ಜಿಪಿಎಸ್ ಆರಿಸುವುದು ಹೇಗೆ ಅನ್ನುವ ಪ್ರಶ್ನೆಯ ಹಿಂದೆ, ನಮ್ಮ ಊರಿನ ನಕ್ಷೆ ಯಾರ ಕೈಯಲ್ಲಿದೆ ಅನ್ನುವ ಇನ್ನೊಂದು ಪ್ರಶ್ನೆ ಇದೆ.

ಒಂದು ಹೆಸರು, ಮೂರು ಸಾಮಾನು

ಮೊದಲು ಗೊಂದಲ ಬಿಡಿಸಿಕೊಳ್ಳೋಣ. ಅಂಗಡಿಯಲ್ಲಿ 'ಬೈಕಿಗೆ ಜಿಪಿಎಸ್' ಅಂತ ಕೇಳಿದರೆ ಮೂರು ಬೇರೆ ಬೇರೆ ವಸ್ತು ಸಿಗಬಹುದು.

ಒಂದು, ಟ್ರ್ಯಾಕರ್. ಬೆಂಕಿಪೊಟ್ಟಣದಷ್ಟು ದೊಡ್ಡದು, ಸೀಟಿನ ಕೆಳಗೆ ಅಡಗಿರುತ್ತದೆ, ಒಳಗೊಂದು ಸಿಮ್ ಇರುತ್ತದೆ. ಇದು ನಿಮಗೆ ದಾರಿ ತೋರಿಸಲ್ಲ. ನೀವೆಲ್ಲಿದ್ದೀರಿ ಅಂತ ಬೇರೆಯವರಿಗೆ ತೋರಿಸುತ್ತದೆ. ಗಾಡಿ ಕಳುವಾದರೆ ಉಪಯೋಗಕ್ಕೆ ಬರುತ್ತದೆ, ನಿಜ. ಆದರೆ ಅದರ ಲಾಗಿನ್ ಯಾರ ಹತ್ತಿರ ಇದೆ ಅನ್ನೋದನ್ನು ಕೇಳದೆ ಹಾಕಿಸಿಕೊಳ್ಳಬೇಡಿ.

ಎರಡು, ನ್ಯಾವಿಗೇಟರ್. ಹ್ಯಾಂಡಲ್ ಮೇಲೆ ಕೂರುವ ಪರದೆ. ನಕ್ಷೆ ಅದರೊಳಗೇ ಇರುತ್ತದೆ, ಸಿಮ್ ಬೇಕಿಲ್ಲ. ಗಾರ್ಮಿನ್ ಕಂಪನಿಯ ಜುಮೋ ಸರಣಿ ಈ ಜಾತಿಯದ್ದು.

ಮೂರು, ನಿಮ್ಮ ಜೇಬಿನ ಮೊಬೈಲು. ಇದರೊಳಗೂ ಜಿಪಿಎಸ್ ರಿಸೀವರ್ ಇದೆ. ರಾಯಲ್ ಎನ್‌ಫೀಲ್ಡ್ 2020ರಲ್ಲಿ ಮೀಟಿಯರ್ ಬೈಕಿನ ಜೊತೆ ತಂದ 'ಟ್ರಿಪ್ಪರ್' ಎಂಬ ಪುಟ್ಟ ಗುಂಡು ಪರದೆಯೂ ಮೊಬೈಲಿನ ನೆರಳೇ. ದಾರಿ ಲೆಕ್ಕ ಹಾಕೋದು ಮೊಬೈಲು, ಬಾಣ ತೋರಿಸೋದು ಪರದೆ.

ನನ್ನ ತಮ್ಮನಿಗೆ ಬೇಕಿದ್ದದ್ದು ಎರಡನೆಯದು. ಅವನ ಹತ್ತಿರ ಇದ್ದದ್ದು ಮೂರನೆಯದು. ಅಂಗಡಿಯವನು ಕೊಡಲು ಹೊರಟಿದ್ದದ್ದು ಮೊದಲನೆಯದು!

ಉಪಗ್ರಹ ನಿಮ್ಮನ್ನು ನೋಡುತ್ತಿಲ್ಲ

ಜಿಪಿಎಸ್ ಅಂದರೆ ಮೇಲಿನಿಂದ ಯಾರೋ ನಮ್ಮನ್ನು ನೋಡುತ್ತಿದ್ದಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದು ರೇಡಿಯೋ ಇದ್ದ ಹಾಗೆ. ಆಕಾಶವಾಣಿ ಕೇಳಿದರೆ ನೀವು ಕೇಳುತ್ತಿದ್ದೀರಿ ಅಂತ ಆಕಾಶವಾಣಿಗೆ ಗೊತ್ತಾಗಲ್ಲ ತಾನೆ?

ಅಮೆರಿಕದ ಮೂವತ್ತಕ್ಕೂ ಹೆಚ್ಚು ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರ ಇದೆ. 'ಈಗ ಗಂಟೆ ಇಷ್ಟು, ನಾನು ಇಲ್ಲಿದ್ದೇನೆ' ಅಂತ ಅವು ಕೂಗುತ್ತಲೇ ಇರುತ್ತವೆ. ಆ ಕೂಗು ತಲುಪಲು ಎಷ್ಟು ಹೊತ್ತಾಯ್ತು ಅನ್ನುವುದರಿಂದ ನಿಮ್ಮ ರಿಸೀವರ್ ದೂರ ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ನಿಮ್ಮ ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ಸಮಯ ಸಿಗುತ್ತದೆ. ಬೆಳಕು ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಓಡುತ್ತದೆ. ಗಡಿಯಾರ ಅಷ್ಟು ತಪ್ಪಿದರೂ ನೀವು ಪಕ್ಕದ ಹೊಲದಲ್ಲಿ ನಿಂತಂತೆ ಕಾಣುತ್ತೀರಿ.

ಇದಕ್ಕೆ ಇಂಟರ್ನೆಟ್ ಬೇಡ, ರೀಚಾರ್ಜ್ ಬೇಡ, ದುಡ್ಡೂ ಬೇಡ. 2000ದ ಮೇ ತಿಂಗಳವರೆಗೆ ಅಮೆರಿಕ ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಬೇಕಂತಲೇ ಕೆಡಿಸಿ ಬಿಡುತ್ತಿತ್ತು. ನೂರು ಮೀಟರಿನವರೆಗೂ ತಪ್ಪು ಬರುತ್ತಿತ್ತು. ಆಮೇಲೆ ಆ ಅಡ್ಡಿ ತೆಗೆದರು. ಇವತ್ತು ಬಯಲಿನಲ್ಲಿ ನಿಂತ ಸಾಮಾನ್ಯ ಮೊಬೈಲು ಐದು ಮೀಟರಿನ ಆಸುಪಾಸಿನಲ್ಲಿ ನಿಮ್ಮ ಜಾಗ ಹೇಳುತ್ತದೆ. ಭಾಲ್ಕಿ, ಔರಾದ್ ಕಡೆ ಇರುವುದೆಲ್ಲ ಬಯಲೇ. ತೊಗರಿ, ಸೋಯಾ ಹೊಲಗಳು, ತೆರೆದ ಆಕಾಶ. ಬೆಂಗಳೂರಿನ ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಅಡ್ಡಾಡುವಂತೆ ಇಲ್ಲಿ ಅಡ್ಡಾಡಲ್ಲ. ಉಪಗ್ರಹ ಹಿಡಿಯುವ ವಿಷಯದಲ್ಲಿ ಭಾಲ್ಕಿ ಬೆಂಗಳೂರಿಗಿಂತ ಅದೃಷ್ಟವಂತ ಊರು.

ಹಾಗಾದರೆ ನಮ್ಮದೇ 'ನಾವಿಕ್'? ಅದರ ಬೇರುಗಳು ಕರ್ನಾಟಕದಲ್ಲೇ ಇವೆ. ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ ಹಾಸನದಲ್ಲಿದೆ, ನ್ಯಾವಿಗೇಷನ್ ಕೇಂದ್ರ ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿದೆ. ಮೊದಲ ಉಪಗ್ರಹ ಹಾರಿದ್ದು 2013ರ ಜುಲೈನಲ್ಲಿ. ನಾವಿಕ್ ಅಂತ ಹೆಸರಿಟ್ಟದ್ದು 2016ರಲ್ಲಿ. ಆಮೇಲೆ ಹೊರಗಿನಿಂದ ತಂದ ಪರಮಾಣು ಗಡಿಯಾರಗಳು ಒಂದೊಂದಾಗಿ ಕೈಕೊಟ್ಟವು. 2023ರ ಮೇ ತಿಂಗಳಲ್ಲಿ ದೇಶಿ ಗಡಿಯಾರ ಹೊತ್ತ ಎನ್‌ವಿಎಸ್-01 ಯಶಸ್ವಿಯಾಗಿ ಮೇಲೇರಿತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ತಲುಪಬೇಕಾದ ಕಕ್ಷೆ ತಲುಪಲಿಲ್ಲ. ಸ್ವಂತ ವ್ಯವಸ್ಥೆ ದೇಶಕ್ಕೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 'ನಾವಿಕ್ ಇದೆ' ಅನ್ನುವ ಒಂದೇ ಸ್ಟಿಕ್ಕರ್ ನೋಡಿ ಯಂತ್ರ ಕೊಳ್ಳಬೇಡಿ. ಈಗಿನ ಒಳ್ಳೆಯ ಚಿಪ್‌ಗಳು ಅಮೆರಿಕ, ರಷ್ಯಾ, ಯುರೋಪ್, ಚೀನಾಗಳ ಉಪಗ್ರಹಗಳನ್ನೂ ಒಟ್ಟಿಗೇ ಕೇಳಿಸಿಕೊಳ್ಳುತ್ತವೆ.

ಇಷ್ಟು ಹೇಳಿದ್ದು ಒಂದೇ ಕಾರಣಕ್ಕೆ. ಅವತ್ತು ಸಂಜೆ ನನ್ನ ತಮ್ಮನ ಮೊಬೈಲು ಅವನು ಎಲ್ಲಿದ್ದಾನೆ ಅನ್ನೋದನ್ನು ಸರಿಯಾಗೇ ಹೇಳುತ್ತಿತ್ತು. ಅವನ ಮುಂದೆ ಏನಿದೆ ಅನ್ನೋದು ಅದಕ್ಕೆ ಗೊತ್ತಿರಲಿಲ್ಲ. ಮೊದಲನೆಯದು ಉಪಗ್ರಹದ ಕೆಲಸ, ಎರಡನೆಯದು ನಕ್ಷೆಯ ಕೆಲಸ.

ಚಿಂಚೋಳಿ ಎಲ್ಲಿದೆ?

ಬೀದರ್ ಜಿಲ್ಲೆಯಲ್ಲಿ ನಕ್ಷೆ ಎಲ್ಲೆಲ್ಲಿ ಎಡವುತ್ತದೆ ನೋಡಿ.

ಮೊದಲನೆಯದು ಹೆಸರು. ಪಾರ್ಸೆಲ್ ಮೇಲೆ 'ಚಿಂಚೋಳಿ' ಅಂತ ಬರೆದಿದೆ ಅಂದುಕೊಳ್ಳಿ. ಭಾಲ್ಕಿಯವನಿಗೆ ಅದು ಖಟಕ ಚಿಂಚೋಳಿ. ಹಾಗೇ ಆ್ಯಪ್‌ನಲ್ಲಿ ಒತ್ತಿದರೆ ಕಲಬುರಗಿ ಜಿಲ್ಲೆಯ ತಾಲ್ಲೂಕು ಕೇಂದ್ರ ಚಿಂಚೋಳಿಗೆ ದಾರಿ ಹಾಕಿಕೊಟ್ಟೀತು. ಔರಾದ್ ಅಂದರೆ ತಾಲ್ಲೂಕು ಕೇಂದ್ರ ಔರಾದ್ (ಬಿ) ಇದೆ, ಬೀದರ್ ತಾಲ್ಲೂಕಿನಲ್ಲಿ ಔರಾದ್ (ಎಸ್) ಇದೆ. ನಮ್ಮ ಕಡೆ ಊರ ಹೆಸರಿನ ಬಾಲಕ್ಕೆ ಒಂದೊಂದು ಅಕ್ಷರ ಅಂಟಿಕೊಂಡಿರುತ್ತದೆ. ಖುರ್ದ್ ಅಂದರೆ ಚಿಕ್ಕದು, ಬುಜುರ್ಗ್ ಅಥವಾ ಬುದ್ರುಕ್ ಅಂದರೆ ದೊಡ್ಡದು. ನಿಜಾಮರ ಕಾಲದ ದಫ್ತರದಿಂದ ಬಂದ ಈ ಗುರುತುಗಳು ಇಂಗ್ಲಿಷಿಗೆ ಹೋಗಿ 'ಕೆ', 'ಬಿ' ಆದವು. ಹಳ್ಳಿಯವರಿಗೆ ಅದು ಎರಡು ಊರು. ಕಂಪ್ಯೂಟರಿಗೆ ಬ್ರಾಕೆಟ್ ಒಳಗಿನ ಕಸ.

ಎರಡನೆಯದು ಭಾಷೆ. ಗಡಿ ಇಲ್ಲೇ ಇದೆ. ಉದಗೀರ ಮಹಾರಾಷ್ಟ್ರ, ಜಹೀರಾಬಾದ್ ತೆಲಂಗಾಣ. ಒಂದೇ ಊರನ್ನು ಕನ್ನಡದಲ್ಲಿ ಒಂದು ತರ, ಮರಾಠಿಯಲ್ಲಿ ಇನ್ನೊಂದು ತರ, ಇಂಗ್ಲಿಷಿನಲ್ಲಿ ಮತ್ತೊಂದು ತರ ಬರೆಯುತ್ತಾರೆ. ಜನ ಮೂರನ್ನೂ ಆಡುತ್ತಾರೆ. ಹುಡುಕುವ ಯಂತ್ರಕ್ಕೆ ಸಾಮಾನ್ಯವಾಗಿ ಇಂಗ್ಲಿಷ್ ಸ್ಪೆಲಿಂಗೇ ಬೇಕು.

ಮೂರನೆಯದು ಕಾಲ. ಮಾಂಜ್ರಾ ನದಿಗೆ ಅಡ್ಡಲಾಗಿ ಇಲ್ಲಿ ಸೇತುವೆ ಕಂ ಬ್ಯಾರೇಜುಗಳಿವೆ, ತಗ್ಗಿನ ಸೇತುವೆಗಳೂ ಇವೆ. ಮೇಲೆ ಮಹಾರಾಷ್ಟ್ರದ ಧನೇಗಾಂವ್ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಮಳೆ ಇಲ್ಲದಿದ್ದರೂ ತಗ್ಗಿನ ಸೇತುವೆ ಮುಳುಗುತ್ತದೆ. ಏಪ್ರಿಲಿನಲ್ಲಿ ಅದು ರಸ್ತೆ, ಸೆಪ್ಟೆಂಬರಿನಲ್ಲಿ ಅದು ಹೊಳೆ. ನಕ್ಷೆಯಲ್ಲಿ ಮಾತ್ರ ವರ್ಷವಿಡೀ ಒಂದೇ ಗೆರೆ.

ದೊಡ್ಡ ಊರುಗಳಲ್ಲಿ ಈ ತಪ್ಪು ತಾನಾಗೇ ತಿದ್ದಿಕೊಳ್ಳುತ್ತದೆ. ಒಂದು ರಸ್ತೆಯಲ್ಲಿ ಸಾವಿರಾರು ಮೊಬೈಲುಗಳು ನಿಂತುಬಿಟ್ಟರೆ ಆ್ಯಪ್‌ಗೆ 'ಇಲ್ಲೇನೋ ಆಗಿದೆ' ಅಂತ ಗೊತ್ತಾಗುತ್ತದೆ. ಭಾಲ್ಕಿಯ ಹಳ್ಳಿ ರಸ್ತೆಯಲ್ಲಿ ಸಂಜೆ ಏಳರ ನಂತರ ನಿಲ್ಲಲು ಎಷ್ಟು ಮೊಬೈಲುಗಳಿವೆ? ಜನ ಕಡಿಮೆ ಇರುವಲ್ಲಿ ದತ್ತಾಂಶ ಕಡಿಮೆ, ದತ್ತಾಂಶ ಕಡಿಮೆ ಇರುವಲ್ಲಿ ನಕ್ಷೆ ಕುರುಡು. ಜಾಹೀರಾತು ಕೊಡುವ ಅಂಗಡಿಗಳು ಇಲ್ಲದ ಕಡೆ ಕಂಪನಿಗೂ ಅವಸರ ಇಲ್ಲ.

ಅಳೆದದ್ದು ಯಾರಿಗಾಗಿ?

ತಮಾಷೆಯೆಂದರೆ, ನಕ್ಷೆಯ ಇತಿಹಾಸದಲ್ಲಿ ಬೀದರ್ ಮೂಲೆಯ ಊರೇ ಅಲ್ಲ. ಇಡೀ ಭಾರತದ ನಕ್ಷೆಗೆ ಬುನಾದಿ ಹಾಕಿದ ಮಹಾ ತ್ರಿಕೋನಮಿತಿ ಸರ್ವೆಯ ಒಂದು ಮುಖ್ಯ ಗೂಟ ಬೀದರ್ ಹತ್ತಿರದ ದಾಮರಗಿದ್ದದಲ್ಲಿತ್ತು. ಜಾರ್ಜ್ ಎವರೆಸ್ಟ್ ಸರ್ವೇಯರ್ ಜನರಲ್ ಆಗಿದ್ದಾಗ, 1841ರಲ್ಲಿ ಬೀದರ್ ಆಧಾರರೇಖೆಯನ್ನು ಅಳೆಯಲಾಯಿತು. ಹಿತ್ತಾಳೆ ಮತ್ತು ಕಬ್ಬಿಣ ಸೇರಿಸಿ ಮಾಡಿದ, ಬಿಸಿಲಿಗೆ ಉದ್ದ ಬದಲಾಗದ ಪಟ್ಟಿಗಳನ್ನು ಒಂದರ ಮುಂದೊಂದು ಇಟ್ಟು ಏಳೆಂಟು ಮೈಲಿ ಅಳೆದರು. ಆ ಅಳತೆಯ ಹೊಣೆ ಹೊತ್ತವರು ಆಂಡ್ರ್ಯೂ ವಾ. ಮುಂದೆ ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಎವರೆಸ್ಟ್ ಹೆಸರು ಸೂಚಿಸಿದವರೂ ಅವರೇ.

ಆ ನಕ್ಷೆ ಕಂಪನಿ ಸರ್ಕಾರದ ದಂಡಿಗೆ ಬೇಕಿತ್ತು, ಕಂದಾಯಕ್ಕೆ ಬೇಕಿತ್ತು. ಊರಿನವರಿಗಾಗಿ ಅದನ್ನು ಮಾಡಿದ್ದಲ್ಲ. ಸ್ವಾತಂತ್ರ್ಯದ ನಂತರವೂ ನಕ್ಷೆ ಅಂದರೆ ಸರ್ಕಾರದ ಬೀರುವಿನಲ್ಲಿರುವ ಗುಟ್ಟು ಅನ್ನುವ ಭಾವನೆ ಬಹುಕಾಲ ಹೋಗಲಿಲ್ಲ. 2021ರ ಫೆಬ್ರುವರಿ 15ರಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊಸ ಮಾರ್ಗಸೂಚಿ ತಂದು, ಭಾರತೀಯರು ನಕ್ಷೆ ಮಾಡಲು ಮೊದಲೇ ಅನುಮತಿ ಪಡೆಯಬೇಕಿಲ್ಲ ಅಂತ ಹೇಳಿತು. ಒಳ್ಳೆಯ ನಿರ್ಧಾರ. ಆದರೆ ಬೀಗ ತೆಗೆದ ಮಾತ್ರಕ್ಕೆ ಹಳ್ಳಿಯ ನಕ್ಷೆ ಯಾರೂ ಬಂದು ಮಾಡಿಕೊಡಲ್ಲ.

ಇದಕ್ಕೊಂದು ವಿರುದ್ಧ ಉದಾಹರಣೆಯೂ ನಮ್ಮಲ್ಲೇ ಇದೆ. ರಾಜ್ಯ ಸರ್ಕಾರದ 'ದಿಶಾಂಕ್' ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ನೀವು ನಿಂತ ನೆಲದ ಸರ್ವೆ ನಂಬರ್ ಹೇಳುತ್ತದೆ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಹಳೆಯ ಗ್ರಾಮ ನಕ್ಷೆಗಳನ್ನು ಉಪಗ್ರಹದ ಲೆಕ್ಕಕ್ಕೆ ಕೂಡಿಸಿದ್ದರಿಂದ ಇದು ಸಾಧ್ಯವಾಯಿತು. ಆ ಗ್ರಾಮ ನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನೂ ಗೆರೆ ಎಳೆದು ತೋರಿಸಿದ್ದಾರೆ. ರೈತರ ಜಗಳಗಳಲ್ಲಿ 'ನಕಾಶೆ ಕಂಡ ದಾರಿ' ಅನ್ನುವ ಮಾತು ಕೇಳಿರುತ್ತೀರಿ. ಪಕ್ಕದವನು ಉತ್ತು ಬಿತ್ತಿಬಿಟ್ಟರೂ ನಕಾಶೆಯಲ್ಲಿ ಕಂಡ ದಾರಿ ದಾರಿಯೇ, ಅದನ್ನು ಬಿಡಿಸಿಕೊಡಿ ಅಂತ ತಹಶೀಲ್ದಾರರ ಮುಂದೆ ನಿಲ್ಲಬಹುದು. ನಕ್ಷೆ ಸಾರ್ವಜನಿಕವಾಗಿದ್ದರೆ ಅದು ಹಕ್ಕು ಕೊಡುತ್ತದೆ. ಕಂಪನಿಯ ಸರ್ವರಿನಲ್ಲಿದ್ದರೆ ಸೌಲಭ್ಯ ಕೊಡುತ್ತದೆ, ಅದೂ ಅವರಿಗೆ ಬೇಕಾದಷ್ಟು ದಿನ.

ತಪ್ಪಿದಾಗ ಹೊಣೆ ಯಾರು?

2024ರ ನವೆಂಬರಿನಲ್ಲಿ ಉತ್ತರಪ್ರದೇಶದ ಬರೇಲಿ ಹತ್ತಿರ ಮೂವರು ಕಾರಿನಲ್ಲಿ ಹೋಗುತ್ತಾ ರಾಮಗಂಗಾ ನದಿಯ ಮುರುಕು ಸೇತುವೆಯಿಂದ ಬಿದ್ದು ಸತ್ತರು. ಸೇತುವೆಯ ಒಂದು ಭಾಗ ಹಿಂದಿನ ನೆರೆಯಲ್ಲಿ ಕೊಚ್ಚಿಹೋಗಿತ್ತು. ಅವರು ನ್ಯಾವಿಗೇಷನ್ ಆ್ಯಪ್ ನೋಡಿಕೊಂಡು ಬಂದಿದ್ದರು, ಆ್ಯಪ್‌ನಲ್ಲಿ ಸೇತುವೆ ಇನ್ನೂ ಇತ್ತು ಅಂತ ಪೊಲೀಸರು ಹೇಳಿದರು. ದಾರಿಗೆ ಅಡ್ಡ ಕಟ್ಟದ ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳ ಮೇಲೂ ಕೇಸಾಯಿತು.

ಇಲ್ಲಿ ಎರಡು ತಪ್ಪು ಒಟ್ಟಿಗಿವೆ. ರಸ್ತೆ ಮುಚ್ಚಿದೆ ಅಂತ ಗೊತ್ತಿದ್ದ ಇಲಾಖೆ ನೆಲದ ಮೇಲೂ ಹೇಳಲಿಲ್ಲ, ನಕ್ಷೆಗೂ ಹೇಳಲಿಲ್ಲ. ದಾರಿ ತೋರಿಸುತ್ತೇನೆ ಅಂದ ಆ್ಯಪ್ ಖಚಿತ ಮಾಡಿಕೊಳ್ಳಲಿಲ್ಲ. ನಮ್ಮ ತಗ್ಗಿನ ಸೇತುವೆಗಳ ಕಥೆಯೂ ಇದೇ. ನೀರು ಬಿಡುವ ಮುಂಚೆ ನದಿ ದಂಡೆಯ ಊರುಗಳಿಗೆ ಎಚ್ಚರಿಕೆ ಹೋಗುತ್ತದೆ. ಅದೇ ಎಚ್ಚರಿಕೆ 'ಈ ಸೇತುವೆ ಬಂದ್' ಅಂತ ಎಲ್ಲ ಆ್ಯಪ್‌ಗಳೂ ಓದಬಹುದಾದ ರೂಪದಲ್ಲಿ ಯಾಕೆ ಹೊರಬೀಳಬಾರದು? ಇದು ರಾಕೆಟ್ ವಿದ್ಯೆಯಲ್ಲ. ಸೇತುವೆಯ ಪಟ್ಟಿ, ಅದರ ಅಕ್ಷಾಂಶ-ರೇಖಾಂಶ, ತೆರೆದಿದೆ ಅಥವಾ ಬಂದ್, ಇಷ್ಟೇ. ಜಿಲ್ಲಾಡಳಿತ ಮನಸ್ಸು ಮಾಡಿದರೆ ಆಗುವ ಕೆಲಸ.

ಹೊಣೆಯ ಇನ್ನೊಂದು ಮುಖ ಕೂಲಿ. ನನ್ನ ತಮ್ಮನಂಥವರಿಗೆ ದುಡ್ಡು ಲೆಕ್ಕವಾಗುವುದು ಆ್ಯಪ್ ತೋರಿಸಿದ ದೂರದ ಮೇಲೆ. ಸೇತುವೆ ಮುಳುಗಿ ಸುತ್ತುಹಾಕಿ ಬಂದರೆ ಪೆಟ್ರೋಲ್ ಅವನದು, ತಡವಾದರೆ ಬೈಗುಳವೂ ಅವನಿಗೇ. 2025ರಲ್ಲಿ ಬಂದ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆಯ ವ್ಯಾಪ್ತಿಗೆ ಲಾಜಿಸ್ಟಿಕ್ಸ್ ಸೇವೆಯೂ ಬರುತ್ತದೆ. ಕೆಲಸಗಾರರ ಮೇಲೆ ಕಣ್ಣಿಡುವ, ಅವರ ಗಳಿಕೆ ನಿರ್ಧರಿಸುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಅನ್ನುವ ಮಾಹಿತಿ ಕೊಡಬೇಕು ಅಂತಲೂ ಆ ಕಾಯ್ದೆ ಹೇಳುತ್ತದೆ. ಯಾವ ನಕ್ಷೆಯ ದೂರ ಹಿಡಿದು ದುಡ್ಡು ಕೊಡುತ್ತೀರಿ ಅನ್ನೋದು ಆ ಪ್ರಶ್ನೆಗಳಲ್ಲಿ ಮೊದಲನೆಯದಾಗಬೇಕು.

ಸರಿ, ಕೊಳ್ಳುವುದು ಏನನ್ನು?

ಈಗ ಅಂಗಡಿಗೆ ಹೋಗೋಣ. ಬೈಕಿಗೆ ಜಿಪಿಎಸ್ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳನ್ನು ನಾನು ಈ ಕ್ರಮದಲ್ಲಿ ಇಡುತ್ತೇನೆ.

1. ಒಳಗಿನ ನಕ್ಷೆ ಯಾವ ದೇಶದ್ದು? ಹೊರದೇಶದಿಂದ ತರಿಸಿದ ನ್ಯಾವಿಗೇಟರಿನಲ್ಲಿ ಯುರೋಪು, ಅಮೆರಿಕದ ನಕ್ಷೆ ಮಾತ್ರ ಇರಬಹುದು. ಭಾರತದ ನಕ್ಷೆ ಇದೆಯಾ, ಅದಕ್ಕೆ ಮತ್ತೆ ದುಡ್ಡಾ, ಎಷ್ಟು ವರ್ಷ ಅಪ್‌ಡೇಟ್ ಅನ್ನೋದನ್ನು ಮೊದಲು ಕೇಳಿ. ಅಂಗಡಿಯಲ್ಲೇ ನಿಮ್ಮ ಹಳ್ಳಿಯ ಹೆಸರು ಒತ್ತಿ ನೋಡಿ. ತಾಲ್ಲೂಕು ಕೇಂದ್ರವಲ್ಲ, ಹಳ್ಳಿ.

2. ನೆಟ್‌ವರ್ಕ್ ಇಲ್ಲದಿದ್ದರೆ ಓಡುತ್ತಾ? ಜಿಪಿಎಸ್‌ಗೆ ಇಂಟರ್ನೆಟ್ ಬೇಡ, ಆದರೆ ಬಹಳಷ್ಟು ಆ್ಯಪ್‌ಗಳಿಗೆ ನಕ್ಷೆ ಇಳಿಸಿಕೊಳ್ಳಲು ಬೇಕು. ಗೂಗಲ್ ಮ್ಯಾಪ್ಸ್‌ನಲ್ಲೂ ಒಂದು ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಬಹುದು. ಓಸ್ಮ್‌ಆ್ಯಂಡ್, ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ಗಳು ಪೂರ್ತಿ ನಕ್ಷೆಯನ್ನು ಮೊಬೈಲಿನೊಳಗೇ ಇಟ್ಟುಕೊಂಡು ಕೆಲಸ ಮಾಡುತ್ತವೆ. ಡೇಟಾ ಬಂದ್ ಮಾಡಿ ಒಂದು ಸಲ ಬೀದರಿಗೆ ಹೋಗಿ ಬನ್ನಿ, ಪರೀಕ್ಷೆ ಮುಗಿಯುತ್ತದೆ.

3. ನಕ್ಷೆಯ ತಪ್ಪು ತಿದ್ದಬಹುದಾ? ತಿದ್ದಿದ್ದು ಯಾರಿಗೆ ಸೇರುತ್ತದೆ? ಇದಕ್ಕೆ ಕೊನೆಗೆ ಬರುತ್ತೇನೆ.

4. ಬಿಸಿಲು ತಡೆಯುತ್ತಾ? ಬೀದರಿನ ಏಪ್ರಿಲ್-ಮೇ ಅಂದರೆ ನಲವತ್ತು ಡಿಗ್ರಿ ದಾಟುವ ದಿನಗಳು. ಐಫೋನನ್ನು 35 ಡಿಗ್ರಿಯವರೆಗಿನ ವಾತಾವರಣದಲ್ಲಿ ಬಳಸಿ ಅಂತ ಆ್ಯಪಲ್ ಕಂಪನಿಯೇ ಹೇಳುತ್ತದೆ. ಬಿಸಿಲಲ್ಲಿ ಹ್ಯಾಂಡಲ್ ಮೇಲಿಟ್ಟು, ಚಾರ್ಜಿಗೂ ಹಾಕಿದರೆ ಮೊಬೈಲು ಕಾದು ಪರದೆ ಮಂಕಾಗುತ್ತದೆ, ಕೊನೆಗೆ ಮುಷ್ಕರ ಹೂಡುತ್ತದೆ. ಬೈಕಿಗೆಂದೇ ಮಾಡಿದ ನ್ಯಾವಿಗೇಟರುಗಳು ಇಲ್ಲಿ ಗೆಲ್ಲುತ್ತವೆ. ಪರದೆ ಬಿಸಿಲಲ್ಲೂ ಕಾಣುತ್ತದೆ, ಕೈಗವಸು ಹಾಕಿಯೂ ಒತ್ತಬಹುದು.

5. ಮಳೆ? ಐಪಿ67 ಅಥವಾ ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ಮುಳುಗಿಸಿ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ. ಚಾರ್ಜಿಂಗ್ ತೂತಿಗೆ ವೈರು ಚುಚ್ಚಿರುವಾಗ ಆ ಭರವಸೆಯನ್ನೇ ನಂಬಿ ಕೂರಬೇಡಿ.

6. ನಡುಕ? ಬೈಕ್ ಎಂಜಿನ್ನಿನ ನಡುಕ ಮೊಬೈಲಿನ ಕ್ಯಾಮೆರಾವನ್ನು ಹಾಳು ಮಾಡಬಹುದು ಅಂತ ಆ್ಯಪಲ್ 2021ರಲ್ಲೇ ಎಚ್ಚರಿಸಿತ್ತು. ಚಿತ್ರ ಅಲುಗಾಡದಂತೆ ತಡೆಯುವ, ಕ್ಯಾಮೆರಾದ ಲೆನ್ಸ್ ತೂಗಾಡುವ ಭಾಗಕ್ಕೆ ಪೆಟ್ಟು ಬೀಳುತ್ತದೆ. ರಬ್ಬರ್ ಇರುವ ಹೋಲ್ಡರ್ ಹಾಕಿಸಿ, ಇಲ್ಲವೇ ಹಳೆಯ ಮೊಬೈಲ್ ಒಂದನ್ನು ಬೈಕಿಗೇ ಮೀಸಲಿಡಿ.

7. ಕರೆಂಟು ಎಲ್ಲಿಂದ? ಬೈಕಿನ ಬ್ಯಾಟರಿ 12 ವೋಲ್ಟ್, ಮೊಬೈಲಿಗೆ ಸಾಧಾರಣವಾಗಿ ಬೇಕಾದ್ದು 5 ವೋಲ್ಟ್. ಯುಎಸ್‌ಬಿ ಚಾರ್ಜರ್ ಕೂಡಿಸುವಾಗ ಫ್ಯೂಸ್ ಇರಲಿ, ಕೀ ತಿರುವಿದಾಗ ಮಾತ್ರ ಕರೆಂಟ್ ಬರುವ ವೈರಿನಿಂದ ತೆಗೆದುಕೊಳ್ಳಲಿ. ಸೀದಾ ಬ್ಯಾಟರಿಗೆ ಕೂಡಿಸಿದರೆ ನಾಲ್ಕು ದಿನ ಗಾಡಿ ನಿಲ್ಲಿಸಿದಾಗ ಬ್ಯಾಟರಿ ಇಳಿಯುತ್ತದೆ.

ಕಾನೂನಿನ ಮಾತೂ ಇದೆ. ಗಾಡಿ ಓಡಿಸುತ್ತಾ ಮೊಬೈಲ್ ಕೈಯಲ್ಲಿ ಹಿಡಿಯೋದು ಅಪರಾಧ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ, ಓಡಿಸುವವರ ಗಮನ ಕೆಡದಂತೆ ದಾರಿ ನೋಡಲು ಮಾತ್ರ ಮೊಬೈಲ್ ಬಳಸಬಹುದು ಅನ್ನುತ್ತದೆ. ಹೋಲ್ಡರಿನಲ್ಲಿ ಇಡಿ, ಹೊರಡುವ ಮುಂಚೆ ದಾರಿ ಹಾಕಿಕೊಳ್ಳಿ, ಬದಲಿಸಬೇಕಾದರೆ ಗಾಡಿ ನಿಲ್ಲಿಸಿ.

ನನ್ನ ತೀರ್ಪು ಕೇಳಿದರೆ ಹೀಗೆ. ಲಡಾಖ್‌ಗೆ ಹೊರಟವರು, ತಿಂಗಳುಗಟ್ಟಲೆ ಸುತ್ತುವವರು, ಕೈಯಲ್ಲಿ ದುಡ್ಡಿರುವವರು ಬೈಕಿನ ನ್ಯಾವಿಗೇಟರ್ ಕೊಳ್ಳಲಿ. ಅದು ಗಟ್ಟಿ ವಸ್ತು. ಆದರೆ ಆ ದುಡ್ಡಿಗೆ ಭಾಲ್ಕಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಬೈಕೇ ಬಂದೀತು. ತಾಲ್ಲೂಕಿನೊಳಗೆ ದುಡಿಯುವವರಿಗೆ ಬೇಕಾದ್ದು ಒಂದು ಹಳೆಯ ಆ್ಯಂಡ್ರಾಯ್ಡ್ ಮೊಬೈಲು, ಗಟ್ಟಿ ಹೋಲ್ಡರ್, ಫ್ಯೂಸ್ ಇರುವ ಚಾರ್ಜರ್, ಒಳಗೆ ಇಳಿಸಿಟ್ಟ ನಕ್ಷೆ. ಒಂದರ ಬದಲು ಎರಡು ನಕ್ಷೆ ಇಟ್ಟುಕೊಳ್ಳಿ. ಎರಡೂ ಬೇರೆ ಬೇರೆ ದಾರಿ ತೋರಿಸಿದರೆ, ಗಾಡಿ ನಿಲ್ಲಿಸಿ ಯಾರನ್ನಾದರೂ ಕೇಳುವ ಸಮಯ ಬಂದಿದೆ ಅಂತ ಅರ್ಥ.

ತಿದ್ದುವ ಹಕ್ಕು

ಈಗ ಮೂರನೆಯ ಪ್ರಶ್ನೆಗೆ ಬರೋಣ. ಗೂಗಲ್ ಕಂಪನಿ 2008ರಲ್ಲಿ 'ಮ್ಯಾಪ್ ಮೇಕರ್' ಅನ್ನುವ ಸೌಲಭ್ಯ ತಂದಿತ್ತು. ಭಾರತದ ಸಾವಿರಾರು ಹುಡುಗ ಹುಡುಗಿಯರು ರಾತ್ರಿಯೆಲ್ಲ ಕೂತು ತಮ್ಮ ಊರಿನ ರಸ್ತೆ, ಶಾಲೆ, ಕೆರೆ ಗುರುತಿಸಿದರು. 2017ರಲ್ಲಿ ಅದು ಮುಚ್ಚಿತು. ತಿದ್ದುಪಡಿ ಸೂಚಿಸುವ ದಾರಿ ಈಗಲೂ ಇದೆ, ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಪುಕ್ಕಟೆ ಬೆವರು ನಮ್ಮದು, ನಕ್ಷೆ ಅವರದು.

ಓಪನ್‌ಸ್ಟ್ರೀಟ್‌ಮ್ಯಾಪ್ ಇದಕ್ಕೆ ಬೇರೆ ದಾರಿ. 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಈ ನಕ್ಷೆ ವಿಕಿಪೀಡಿಯದ ತರ. ಯಾರು ಬೇಕಾದರೂ ಸೇರಿಸಬಹುದು, ತಿದ್ದಬಹುದು, ಪೂರ್ತಿ ದತ್ತಾಂಶ ಇಳಿಸಿಕೊಳ್ಳಬಹುದು. ಓಸ್ಮ್‌ಆ್ಯಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ನಡೆಯುವುದು ಇದರ ಮೇಲೆಯೇ. ಗಾರ್ಮಿನ್ ಯಂತ್ರಕ್ಕೂ ಇದನ್ನು ತುಂಬಿಕೊಳ್ಳಬಹುದು. ಒಂದು ಊರಿಗೆ ಕನ್ನಡದ ಹೆಸರು, ಮರಾಠಿಯ ಹೆಸರು, ಹಳೆಯ ಹೆಸರು ಎಲ್ಲವನ್ನೂ ಬೇರೆ ಬೇರೆ ಖಾನೆಯಲ್ಲಿ ಬರೆಯುವ ವ್ಯವಸ್ಥೆ ಇದರಲ್ಲಿದೆ. ರಸ್ತೆ ಡಾಂಬರಿನದೋ ಮಣ್ಣಿನದೋ, ನೆರೆ ಬಂದರೆ ಮುಳುಗುತ್ತದೋ ಅನ್ನೋದನ್ನೂ ಗುರುತಿಸಬಹುದು. 2010ರಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ಪರಿಹಾರದವರು ದಾರಿ ಹುಡುಕಿದ್ದು ಜಗತ್ತಿನ ಸ್ವಯಂಸೇವಕರು ಕೆಲವೇ ದಿನಗಳಲ್ಲಿ ಬಿಡಿಸಿದ ಇದೇ ನಕ್ಷೆಯಿಂದ.

ದೋಷ ಇಲ್ಲವೆಂದಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಇದರ ನಕ್ಷೆ ಕಂಪನಿಯ ನಕ್ಷೆಗಿಂತಲೂ ಬಡವಾಗಿರುವ ಜಾಗಗಳಿವೆ. ತುಂಬುವ ಕೈಗಳು ಇರುವಷ್ಟೇ ಅದು ತುಂಬಿರುತ್ತದೆ. ಸಂಪುಟ ಸಭೆ, ಮೀಸಲಾತಿ, ಚುನಾವಣೆ ಅಂತ ದಿನವಿಡೀ ವಾದ ಮಾಡುವ ನಾವು, ನಮ್ಮೂರಿನ ಹೆಸರು ನಕ್ಷೆಯಲ್ಲಿ ಸರಿಯಾಗಿ ಇದೆಯಾ ಅಂತ ಯಾವತ್ತಾದರೂ ನೋಡಿದ್ದೀವಾ? ಕಾಲೇಜಿನ ಎನ್‌ಎಸ್‌ಎಸ್ ಶಿಬಿರದಲ್ಲಿ ಒಂದು ಮಧ್ಯಾಹ್ನ ಕೂತರೆ ಒಂದು ಪಂಚಾಯಿತಿಯ ಹಳ್ಳಿ, ಹಳ್ಳ, ಸೇತುವೆಗಳ ಹೆಸರನ್ನು ಕನ್ನಡದಲ್ಲಿ ತುಂಬಿಸಬಹುದು. ಅದನ್ನು ನಾಳೆ ಆಂಬುಲೆನ್ಸಿನವರೂ ಬಳಸುತ್ತಾರೆ, ಆಶಾ ಕಾರ್ಯಕರ್ತೆಯೂ ಬಳಸುತ್ತಾಳೆ.

ನನ್ನ ತಮ್ಮ ಕೊನೆಗೆ ಹೊಸ ಯಂತ್ರ ಕೊಳ್ಳಲಿಲ್ಲ. ಮನೆಯಲ್ಲಿ ಬಿದ್ದಿದ್ದ ಹಳೆಯ ಮೊಬೈಲಿಗೆ ಹೋಲ್ಡರ್ ಹಾಕಿಸಿದ. ನಾನು ಕಳಿಸಿದ ಆ್ಯಪ್‌ನಲ್ಲಿ ತಾನು ಓಡಾಡುವ ತಗ್ಗಿನ ಸೇತುವೆಗಳನ್ನು ಒಂದೊಂದಾಗಿ ಗುರುತು ಮಾಡುತ್ತಿದ್ದಾನೆ. ಮೊನ್ನೆ ಮತ್ತೆ ಫೋನು ಮಾಡಿದ್ದ.

"ಅಣ್ಣಾ, ಆ ಹೊಳಿ ದಂಡಿ ಕಾಕಾನ್ನ ಮತ್ತ ಭೆಟ್ಟಿ ಆದೆ. ಪೂಲಿನ ಹೆಸರು ಕೇಳ್ದೆ. ಅವರು ಒಂದು ಹೇಳಿದ್ರು, ಆಚಿ ದಂಡಿಯವರು ಬ್ಯಾರೇನೇ ಹೇಳ್ತಾರ. ಯಾವ್ದು ಬರೀಲಿ?"

ಎರಡೂ ಬರಿ ಅಂದೆ.